ಕುದಾಪುರ ಎಲ್ಲಿಂದ ಎಲ್ಲಿಯವರೆಗೆ?

ಕುದಾಪುರದ ರೈತ ಜಾತಿ ಪ್ರಮಾಣಪತ್ರಕ್ಕೆ ಹೋಗುವುದು ನಾಯಕನಹಟ್ಟಿಯ ನಾಡಕಚೇರಿಗೆ. ಜಮೀನಿನ ಪೋಡಿ, ಹದ್ದುಬಸ್ತಿನಂಥ ಅಳತೆಯ ಕೆಲಸ ಚಳ್ಳಕೆರೆ ತಾಲ್ಲೂಕಿನ ಲೆಕ್ಕಕ್ಕೆ ಸೇರಿದ್ದು. ವಿಧಾನಸಭೆ ಚುನಾವಣೆ ಬಂತೆಂದರೆ ಅದೇ ರೈತ ಮೊಳಕಾಲ್ಮೂರಿನವನು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಹೋಬಳಿ ಮೊಳಕಾಲ್ಮೂರು ಕ್ಷೇತ್ರದೊಳಗೆ ಬರುತ್ತದೆ. ಊರಿಗೆ ಬರುವ ಕಾಗದದ ಪಿನ್‌ಕೋಡು 577ರಿಂದ ಶುರುವಾಗುತ್ತದೆ. ಅಂಚೆ ಇಲಾಖೆ 1972ರಲ್ಲಿ ಎಳೆದ ಆ ಗೆರೆಯೊಳಗೆ ಚಿತ್ರದುರ್ಗದ ಜೊತೆ ದಾವಣಗೆರೆ, ಶಿವಮೊಗ್ಗ, ಚಿಕ್ಕಮಗಳೂರುಗಳೂ ಸೇರಿಕೊಂಡಿವೆ. ಕಂದಾಯಕ್ಕೆ ಒಂದು ಗೆರೆ, ವೋಟಿಗೆ ಇನ್ನೊಂದು, ಅಂಚೆಗೆ ಮತ್ತೊಂದು. ಊರು ಮಾತ್ರ ಇದ್ದಲ್ಲೇ ಇದೆ.

2023ರ ಏಪ್ರಿಲ್ 2ರ ಬೆಳಿಗ್ಗೆ ಈ ಸೀಮೆಯ ಆಕಾಶದಲ್ಲಿ ಚಿನೂಕ್ ಹೆಲಿಕಾಪ್ಟರೊಂದು ರೆಕ್ಕೆಯ ವಾಹನವೊಂದನ್ನು ಹೊಟ್ಟೆಯಡಿ ತೂಗುಹಾಕಿಕೊಂಡು ಏರಿತು. ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಅದನ್ನು ಬಿಟ್ಟಿತು. ಇಸ್ರೋದ ಆ ಮರುಬಳಕೆಯ ವಾಹನ ತಾನೇ ದಾರಿ ಹುಡುಕಿಕೊಂಡು ಬಂದು ಓಡುದಾರಿಯ ಮೇಲೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಇನ್ನೆರಡು ಸಲ ಇಳಿದದ್ದು ‘ಪುಷ್ಪಕ್’ ಎಂಬ ಹೆಸರಿನಲ್ಲಿ. ಸುದ್ದಿಯಲ್ಲೆಲ್ಲ ಇದ್ದ ಊರ ಹೆಸರು ಚಳ್ಳಕೆರೆ, ಕೆಲವು ಕಡೆ ಚಿತ್ರದುರ್ಗ. ವಾಹನ ಇಳಿದದ್ದು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವಾಯುಯಾನ ಪರೀಕ್ಷಾ ವಲಯದಲ್ಲಿ. ಆ ವಲಯ ಎದ್ದಿರುವುದು ವರವು ಕಾವಲು ಮತ್ತು ಕುದಾಪುರ ಕಾವಲು ಎಂಬ ಹುಲ್ಲುಗಾವಲುಗಳ ನೆಲದ ಮೇಲೆ. ಮಗ್ಗುಲಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಕುದಾಪುರದಲ್ಲಿದ್ದರೂ ಅದರ ಹೆಸರು ‘ಚಳ್ಳಕೆರೆ ಕ್ಯಾಂಪಸ್’. ಉಪಗ್ರಹದ ಕಣ್ಣಿಗೆ ಇಷ್ಟು ನಿಖರವಾಗಿ ಬಿದ್ದಿರುವ ನೆಲ ರಾಜ್ಯದಲ್ಲಿ ಹೆಚ್ಚಿಲ್ಲ. ಆದರೂ ಆ ನೆಲದ ಹೆಸರು ದಿನದಿನಕ್ಕೆ ಅಳಿಸುತ್ತಿದೆ.

ಒಂದು ಊರು ಎಲ್ಲಿಂದ ಎಲ್ಲಿಯವರೆಗೆ ಎಂಬುದು ಸರ್ವೆಯವರಷ್ಟೇ ತಲೆಕೆಡಿಸಿಕೊಳ್ಳಬೇಕಾದ ಪ್ರಶ್ನೆ ಎಂದು ನಾವು ತಿಳಿದಿದ್ದೇವೆ. ಕುದಾಪುರವನ್ನು ನೋಡಿದ ಮೇಲೆ ನನಗೆ ಹಾಗೆ ಅನ್ನಿಸುತ್ತಿಲ್ಲ. ಯಾರ ಹೆಸರು ಕಾಗದದಲ್ಲಿದೆ, ಯಾವ ಗೆರೆಯ ಒಳಗಿದೆ ಎನ್ನುವುದರ ಮೇಲೆಯೇ ನಾಳೆ ಯಾರನ್ನು ಕೇಳಬೇಕು, ಯಾರನ್ನು ಕೇಳದಿದ್ದರೂ ನಡೆಯುತ್ತದೆ ಎಂಬುದು ತೀರ್ಮಾನವಾಗುತ್ತದೆ.

ಮೂವತ್ತಮೂರು ಅಡಿಯ ಸರಪಳಿ

ಸರ್ಕಾರದ ಲೆಕ್ಕದಲ್ಲಿ ಗ್ರಾಮ ಎಂದರೆ ಮನೆಗಳ ಗುಂಪಲ್ಲ, ಜಮೀನಿನ ಗುಂಪು. ಒಂದು ಎಲ್ಲೆಯೊಳಗೆ ಒಂದರಿಂದ ಶುರುವಾಗಿ ಸಾಲಾಗಿ ಸರ್ವೆ ನಂಬರು ಬಿದ್ದಿರುವ ನೆಲವೇ ಕಂದಾಯ ಗ್ರಾಮ. ಅದರಲ್ಲಿ ಮನುಷ್ಯರಿರಲೇಬೇಕೆಂಬ ನಿಯಮವಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ 29,340 ಗ್ರಾಮಗಳ ಪೈಕಿ ಜನವಸತಿ ಇದ್ದದ್ದು 27,397ರಲ್ಲಿ. ಉಳಿದ 1,943 ಗ್ರಾಮಗಳಲ್ಲಿ ಸಂಜೆ ದೀಪ ಹಚ್ಚುವವರಿಲ್ಲ. ಕಾಗದದಲ್ಲಿ ಮಾತ್ರ ಅವು ಜೀವಂತ. ಕಚೇರಿಯ ಭಾಷೆಯಲ್ಲಿ ಅವಕ್ಕೆ ಬೇಚಿರಾಕ್ ಗ್ರಾಮ ಎನ್ನುತ್ತಾರೆ. ಚಿರಾಗ್ ಎಂದರೆ ದೀಪ, ಬೇಚಿರಾಕ್ ಎಂದರೆ ದೀಪವಿಲ್ಲದ್ದು. ಕಂದಾಯ ಇಲಾಖೆಯ ಪದಕೋಶದಲ್ಲಿ ಇಷ್ಟು ಮನ ಕಲಕುವ ಪದ ಇನ್ನೊಂದಿಲ್ಲ.

ಈ ವ್ಯವಸ್ಥೆಯ ಬುಡ ಇರುವುದು 1863ರಲ್ಲಿ ಮೈಸೂರು ಸೀಮೆಯಲ್ಲಿ ಬೊಂಬಾಯಿ ಪದ್ಧತಿಯಂತೆ ಶುರುವಾದ ಕಂದಾಯ ಅಳತೆಯಲ್ಲಿ. ಅಳೆಯುವ ಸರಪಳಿ ಮೂವತ್ತಮೂರು ಅಡಿ ಉದ್ದ, ಅದರಲ್ಲಿ ಹದಿನಾರು ಆಣೆ. ಉದ್ದಕ್ಕೆ ಒಂದು ಸರಪಳಿ, ಅಗಲಕ್ಕೆ ಒಂದು ಸರಪಳಿ ಹಿಡಿದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ಇವತ್ತಿಗೂ ನಮ್ಮ ಪಹಣಿಯಲ್ಲಿ ಎಕರೆ, ಗುಂಟೆ, ಆಣೆ ಎಂದೇ ಬರುವುದು ಆ ಸರಪಳಿಯ ಗುರುತು. ಪ್ರತಿ ಸರ್ವೆ ನಂಬರಿಗೆ ಅಳತೆ ಬರೆದ ಕೈನಕ್ಷೆ ಟಿಪ್ಪಣಿ. ವಿಸ್ತೀರ್ಣ, ಖರಾಬು, ಕಂದಾಯದ ಲೆಕ್ಕಕ್ಕೆ ಆಕಾರಬಂದ್. ಎಲ್ಲವನ್ನೂ ಕೂಡಿಸಿ, ಮೈಲಿಗೆ ಎಂಟು ಅಂಗುಲದ ಪ್ರಮಾಣದಲ್ಲಿ ಬರೆದದ್ದು ಗ್ರಾಮ ನಕಾಶೆ. ಹೊಲದ ಮೂಲೆಗಳಲ್ಲಿ ಬಾಂದುಕಲ್ಲು ನೆಟ್ಟರು. ಎರಡು ಊರಿನ ನಡುವೆ, ಮೂರು ಊರಿನ ಎಲ್ಲೆ ಕೂಡುವ ಕಡೆ, ಗಡಿಕಲ್ಲು ನೆಟ್ಟರು.

ಕಲ್ಲು ನೆಡುವುದನ್ನು ನಮ್ಮವರಿಗೆ ಬ್ರಿಟಿಷರು ಕಲಿಸಿಕೊಡಬೇಕಾಗಿರಲಿಲ್ಲ. ಶಾಸನಗಳ ತುಂಬ ದಾನಭೂಮಿಯ ನಾಲ್ಕು ದಿಕ್ಕಿನ ವಿವರ ಬರುತ್ತದೆ: ಮೂಡಲಿಗೆ ಇಂಥ ಹಳ್ಳ, ತೆಂಕಲಿಗೆ ಇಂಥ ಹುಣಿಸೆಮರ, ಪಡುವಲಿಗೆ ಬಂಡೆ. ಶಿವಾಲಯದ ಭೂಮಿಯ ಅಂಚಿನಲ್ಲಿ ಲಿಂಗಮುದ್ರೆಯ ಕಲ್ಲು, ಅಗ್ರಹಾರದ ಅಂಚಿನಲ್ಲಿ ವಾಮನ ಮುದ್ರೆ, ಬಸದಿಯ ಭೂಮಿಗೆ ಮುಕ್ಕೊಡೆ. ಇವತ್ತಿನ ಕ್ರಯಪತ್ರದ ಚೆಕ್ಕುಬಂದಿ ಆ ಶಾಸನಗಳ ನೇರ ಸಂತಾನ. ಹಳೆಯ ಗೆರೆಯನ್ನು ಕಾಯುತ್ತಿದ್ದದ್ದು ಮನುಷ್ಯರ ನೆನಪು. ಊರಿನ ತೋಟಿ, ತಳವಾರರಿಗೆ ಯಾವ ಕಲ್ಲು ಎಲ್ಲಿ ಹೂತಿದೆ ಎಂಬುದು ಅಪ್ಪನಿಂದ ಮಗನಿಗೆ ಬಂದ ವಿದ್ಯೆ. ಶಾನುಭೋಗರ ಲೆಕ್ಕಕ್ಕೆ ಅವರೇ ಕಾಲು, ಅವರೇ ಕಣ್ಣು. ಗ್ರಾಮ ಅಧಿಕಾರಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಹುದ್ದೆಗಳು ಹೋದವು. ಹೋಗಬೇಕಾದದ್ದೇ ಅದು. ಆದರೆ ಜೊತೆಯಲ್ಲಿ ಗಡಿಕಲ್ಲಿನ ತಿಳಿವಳಿಕೆಯೂ ಹೋಯಿತು, ಅದನ್ನು ಬರೆದಿಟ್ಟುಕೊಳ್ಳುವ ಕೆಲಸವನ್ನು ಯಾರೂ ಮಾಡಲಿಲ್ಲ.

ಗ್ರಾಮ ನಕಾಶೆಯನ್ನು ಮೊದಲ ಸಲ ಬಿಡಿಸಿ ನೋಡುವವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಹೊಲಗಳೆಲ್ಲ ಗೆರೆ ಗೆರೆಯಾಗಿ, ನಂಬರು ನಂಬರಾಗಿ ಇರುತ್ತವೆ. ಕೆರೆ, ಹಳ್ಳ, ಬಂಡಿದಾರಿ ಎಲ್ಲ ಕಾಣುತ್ತವೆ. ಜನ ವಾಸಿಸುವ ಜಾಗ ಮಾತ್ರ ಬಿಳಿ ಬಿಟ್ಟಿರುತ್ತದೆ. ಅದು ಗ್ರಾಮಠಾಣಾ. ಕಂದಾಯ ಬರುವುದು ಹೊಲದಿಂದ, ಮನೆಯಿಂದಲ್ಲ. ಆದ್ದರಿಂದ ಮನೆಗಳನ್ನು ಅಳೆಯುವ ಗೋಜಿಗೆ ಅಂದು ಹೋಗಲಿಲ್ಲ. ನೂರೈವತ್ತು ವರ್ಷ ಊರಿನ ನಕಾಶೆಯಲ್ಲಿ ಊರೇ ಖಾಲಿ ಜಾಗವಾಗಿ ಉಳಿಯಿತು. ಪಂಚಾಯಿತಿಯ ಇ-ಸ್ವತ್ತು, 2020ರ ಏಪ್ರಿಲ್ 24ರಂದು ಕೇಂದ್ರ ಘೋಷಿಸಿದ ಸ್ವಾಮಿತ್ವ ಯೋಜನೆಯ ಡ್ರೋನ್ ಅಳತೆ, ಇವೆಲ್ಲ ಆ ಬಿಳಿಯನ್ನು ಈಗ ತುಂಬಲು ಹೊರಟಿವೆ. ಸುಣ್ಣದ ಪುಡಿಯಲ್ಲಿ ಮನೆಮನೆಯ ಅಂಚು ಗುರುತು ಹಾಕಿ, ಮೇಲಿನಿಂದ ಡ್ರೋನ್ ಹಾರಿಸಿ ಚಿತ್ರ ತೆಗೆಯುವ ಈ ಕೆಲಸದಲ್ಲಿ, ಓಣಿಯ ಜಗಳಗಳು ಮೊದಲ ಬಾರಿಗೆ ಸರ್ಕಾರದ ನಕ್ಷೆಗೆ ಹತ್ತುತ್ತಿವೆ.

ಕ, ಖ ಮತ್ತು ಇಸಿಲ

ಕುದಾಪುರಕ್ಕೆ ಇಂಗ್ಲಿಷ್ ಕಾಗದಗಳಲ್ಲಿ ಎರಡು ಕಾಗುಣಿತವಿದೆ. ವಿಜ್ಞಾನ ಸಂಸ್ಥೆ ಬರೆಯುವುದು ಕುದಾಪುರ ಎಂದು. ಕಾವಲಿನ ನೆಲ ಹಂಚಿಕೆಯ ಮೇಲೆ ನಡೆದ ವ್ಯಾಜ್ಯದ ಕಾಗದಗಳಲ್ಲಿ ಇರುವುದು ಮಹಾಪ್ರಾಣದ ಖುದಾಪುರ. ಒಂದು ಅಕ್ಷರ ಉಸಿರು ಬಿಟ್ಟರೆ ಕಿವಿಗೆ ಪರ್ಷಿಯನ್ನಿನ ‘ಖುದಾ’ ಕೇಳುತ್ತದೆ, ಊರಿನ ಮೂಲದ ಬಗ್ಗೆ ಬೇರೆಯೇ ಒಂದು ಕಥೆ ಹುಟ್ಟಿಕೊಳ್ಳಲು ಅಷ್ಟು ಸಾಕು. ಗಣಕಯಂತ್ರದಲ್ಲಿ ದಾಖಲೆ ಹುಡುಕುವವರಿಗಂತೂ ಅವೆರಡೂ ಬೇರೆ ಬೇರೆ ಊರು. ಕನ್ನಡದಲ್ಲಿ ಆಡುವ ಹೆಸರನ್ನು ಯಾರೋ ಕಿವಿಯಿಂದ ಕೇಳಿ ಇಂಗ್ಲಿಷಿನಲ್ಲಿ ಬರೆದುಕೊಂಡು, ಇನ್ಯಾರೋ ಆ ಇಂಗ್ಲಿಷನ್ನು ನೋಡಿ ಮತ್ತೆ ಕನ್ನಡಕ್ಕೆ ತರುವಾಗ ಆಗುವ ಅನಾಹುತ ಇದು. ಚಿತ್ರದುರ್ಗವೇ ಬಹುಕಾಲ ಇಂಗ್ಲಿಷರ ಬಾಯಲ್ಲಿ ‘ಚಿಟಲ್‌ಡ್ರೂಗ್’ ಆಗಿತ್ತು.

ದೊಡ್ಡ ಊರಿಗೆ ತನ್ನ ಹೆಸರನ್ನು ತಿದ್ದಿಸಿಕೊಳ್ಳುವ ಶಕ್ತಿ ಇರುತ್ತದೆ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬಳ್ಳಾರಿ ಸೇರಿದಂತೆ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರು ಕನ್ನಡದ ಉಚ್ಚಾರಕ್ಕೆ ಬಂತು. ಹಳ್ಳಿಯೊಂದರ ಹೆಸರು ಬದಲಾಗಬೇಕಾದರೂ ದಾರಿ ಉದ್ದವೇ. ಗೃಹ ಸಚಿವಾಲಯ 1953ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಅಂಚೆ, ರೈಲ್ವೆ, ಭಾರತೀಯ ಸರ್ವೇಕ್ಷಣ ಇಲಾಖೆಗಳ ಒಪ್ಪಿಗೆ ಬೇಕು. ಆಮೇಲೆ ರಾಜ್ಯಪತ್ರದಲ್ಲಿ ಬರಬೇಕು. ಅಷ್ಟು ದೂರ ನಡೆಯಲು ಯಾವ ಸಣ್ಣ ಹಳ್ಳಿಗೆ ಪುರುಸೊತ್ತಿದೆ? ಹಾಗಾಗಿ ಹಳ್ಳಿಗಳು ಕಾಗದದವರು ಕೊಟ್ಟ ಹೆಸರನ್ನೇ ಹೊತ್ತುಕೊಂಡು ಬಾಳುತ್ತವೆ.

ಹೆಸರಿನ ಹಿಂದೆ ಇಂಗ್ಲಿಷ್ ಅಕ್ಷರ ಅಂಟಿಸಿಕೊಳ್ಳುವುದು ಈ ಸೀಮೆಯ ಇನ್ನೊಂದು ಪದ್ಧತಿ. ಮೊಳಕಾಲ್ಮೂರು ತಾಲ್ಲೂಕಿನ ಬಿ.ಜಿ. ಕೆರೆ, ಹೊಳಲ್ಕೆರೆ ತಾಲ್ಲೂಕಿನ ಎಚ್.ಡಿ. ಪುರ. ನಾಯಕನಹಟ್ಟಿ ಸುತ್ತಿನಲ್ಲಿ ‘ಎನ್’ ಎಂಬ ಅಕ್ಷರ ಹೊತ್ತ ಹಳ್ಳಿಗಳಿವೆ. ಒಂದೇ ಹೆಸರಿನ ಹಲವು ಊರುಗಳಿರುವ ಕಡೆ ಕಚೇರಿಗೆ ಗೊಂದಲವಾಗದಿರಲೆಂದು ಬಂದ ಉಪಾಯ ಇದು, ಹುಡುಗರಿಗೆ ಶಾಲೆಯಲ್ಲಿ ಇನಿಷಿಯಲ್ ಹಾಕಿದ ಹಾಗೆ. ಹೊರಕೆರೆದೇವರಪುರ ಎಂಬ ಹೆಸರಿನಲ್ಲಿ ಕೆರೆಯೂ ದೇವರೂ ಇದ್ದರು. ಎಚ್.ಡಿ. ಪುರದಲ್ಲಿ ಅವರಿಬ್ಬರಿಗೂ ಜಾಗವಿಲ್ಲ. ಬಸ್ಸಿನ ಬೋರ್ಡಿಗೆ ಅನುಕೂಲವಾಯಿತು, ನಿಜ. ಆದರೆ ಹೆಸರೇ ಒಂದು ಊರಿನ ಮೊದಲ ಇತಿಹಾಸ ಪುಸ್ತಕ ಎಂದು ನಂಬುವ ನನ್ನಂಥವನಿಗೆ ಈ ಅಕ್ಷರಗಳನ್ನು ಕಂಡಾಗಲೆಲ್ಲ ಹೊಟ್ಟೆಯುರಿಯುತ್ತದೆ.

ತಾಲ್ಲೂಕುಗಳ ಹೆಸರೂ ನಿಂತ ನೀರಲ್ಲ. ಇವತ್ತಿನ ಚಳ್ಳಕೆರೆ ತಾಲ್ಲೂಕು ಒಂದು ಕಾಲದಲ್ಲಿ ದೊಡ್ಡೇರಿ ತಾಲ್ಲೂಕಾಗಿತ್ತು. ಮೊಘಲ್ ಸೇನಾನಿ ಖಾಸಿಂ ಖಾನನನ್ನು ಮರಾಠರ ಸಂತಾಜಿ ಘೋರ್ಪಡೆ 1695ರಲ್ಲಿ ಮುತ್ತಿಗೆ ಹಾಕಿದ್ದು ಇದೇ ದೊಡ್ಡೇರಿಯಲ್ಲಿ. ಕಚೇರಿ ಚಳ್ಳಕೆರೆಗೆ ಬಂದ ಮೇಲೆ ತಾಲ್ಲೂಕಿನ ಹೆಸರೂ ಕಚೇರಿಯ ಹಿಂದೆ ನಡೆದುಬಂತು. ಮೊಳಕಾಲ್ಮೂರಿನದು ಬೇರೆ ಕಥೆ. ಹಳೆಯ ಮೈಸೂರು ಸಂಸ್ಥಾನದ ಈ ಮೂಲೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯೊಳಗೆ ನಾಲಿಗೆಯಂತೆ ಚಾಚಿಕೊಂಡಿತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಪಕ್ಕದೂರಿನ ಸಂತೆ ಬೇರೆ ರಾಜ್ಯವಾಯಿತು. ಕನ್ನಡ, ತೆಲುಗು ಎರಡನ್ನೂ ಮನೆಮಾತಿನಂತೆ ಆಡುವ ಇಲ್ಲಿನ ಜನಕ್ಕೆ ಆ ಗೆರೆ ಬಸ್ ಚಾರ್ಜಿನಲ್ಲಿ ಮೊದಲು ಅರ್ಥವಾಗಿರಬೇಕು.

ಇದೇ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಈ ಮಾತಿಗೆಲ್ಲ ಮೂಲವೆನ್ನಬಹುದಾದ ಒಂದು ಬಂಡೆ ಇದೆ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಕಂಡರು. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ‘ಇಸಿಲ’ದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ, ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ವಿಳಾಸ ಬರೆದು ಬಂದ ಕಾಗದ. ನಮ್ಮ ನೆಲದ ಒಂದು ಊರು ಸರ್ಕಾರದ ಬರಹದಲ್ಲಿ ಹೆಸರು ಹಿಡಿದು ಕಾಣಿಸಿಕೊಂಡ ಅತಿ ಹಳೆಯ ನಿದರ್ಶನಗಳಲ್ಲಿ ಒಂದು. ಬರೆದ ಲಿಪಿಕಾರ ಚಪಡ ತನ್ನ ಕಸುಬನ್ನು ಸೂಚಿಸುವ ಪದವನ್ನು ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಬ್ರಹ್ಮಗಿರಿಯಲ್ಲಿ ಅಗೆದಾಗ ಪದರಪದರವಾಗಿ ಊರು ಸಿಕ್ಕಿತು. ಇಸಿಲ ಎಂಬ ಹೆಸರು ಮಾತ್ರ ಯಾವ ಹಳ್ಳಿಯ ಬಾಯಲ್ಲೂ ಉಳಿದಿಲ್ಲ. ಆಜ್ಞೆಯ ವಿಷಯಕ್ಕೆ ಬರುವ ಮೊದಲು ಆ ಕಾಗದ ಇಸಿಲದವರ ಆರೋಗ್ಯ ವಿಚಾರಿಸುತ್ತದೆ.

ಹೆಸರಿದ್ದೂ ಲೆಕ್ಕಕ್ಕಿಲ್ಲದ ಹಟ್ಟಿ

ಚಳ್ಳಕೆರೆ, ಮೊಳಕಾಲ್ಮೂರಿನ ಬಯಲಿನಲ್ಲಿ ಊರು ಎಂಬುದಕ್ಕಿಂತ ಹಳೆಯ ಮಾತು ಹಟ್ಟಿ. ನಾಯಕನಹಟ್ಟಿಯ ಹೆಸರಿನಲ್ಲೇ ಅದು ಕೂತಿದೆ. ಮ್ಯಾಸಬೇಡರ ಹಟ್ಟಿ, ಕಾಡುಗೊಲ್ಲರ ಹಟ್ಟಿ, ಸುತ್ತ ಮುಳ್ಳುಬೇಲಿ, ನಡುವೆ ದೇವರ ಗುಡಿ, ಪಕ್ಕದಲ್ಲಿ ಕುರಿ ದನಗಳ ರೊಪ್ಪ. ಗಾದ್ರಿ ಪಾಲನಾಯಕ, ಜುಂಜಪ್ಪ, ಎತ್ತಪ್ಪರ ಕಥನಗಳಲ್ಲಿ ವೀರರು ಕಾಯುವುದು ರಾಜ್ಯವನ್ನಲ್ಲ, ದನವನ್ನು. ಮ್ಯಾಸಬೇಡರಲ್ಲಿ ದೇವರ ಎತ್ತುಗಳ ಹಿಂಡೇ ಇದೆ. ಅವನ್ನು ಉಳುಮೆಗೆ ಹೂಡುವಂತಿಲ್ಲ, ಕಾಯುವುದಕ್ಕೆ ಕಿಲಾರಿಗಳಿದ್ದಾರೆ. ನೀರು, ಮೇವು ಇರುವ ಕಡೆ ಹಟ್ಟಿ ಇರುತ್ತಿತ್ತು, ಅವು ತೀರಿದರೆ ಹಟ್ಟಿಯೂ ಎದ್ದು ನಡೆಯುತ್ತಿತ್ತು.

1863ರ ಸರಪಳಿಗೆ ಎದ್ದು ನಡೆಯುವ ಊರನ್ನು ಅಳೆಯುವ ವಿದ್ಯೆ ಗೊತ್ತಿರಲಿಲ್ಲ. ನೆಲೆ ನಿಂತ ಊರಿಗೆ ಗ್ರಾಮಠಾಣಾ ಬಂತು. ಹಟ್ಟಿ, ತಾಂಡಾ, ದೊಡ್ಡಿ, ಹಾಡಿಗಳು ಯಾವುದೋ ಸರ್ವೆ ನಂಬರಿನ ಒಳಗೆ, ಸರ್ಕಾರಿ ಜಮೀನಿನಲ್ಲಿಯೋ ಖಾಸಗಿ ಹೊಲದಲ್ಲಿಯೋ ಕರಗಿಹೋದವು. ಮೂಲ ಗ್ರಾಮದ ‘ದಾಖಲೆ’ ಎಂದೋ ‘ಮಜರೆ’ ಎಂದೋ ಕರೆಸಿಕೊಂಡರೆ ಅದೇ ಹೆಚ್ಚು. ಮೂರು ತಲೆಮಾರು ಬಾಳಿದ ಮನೆಗೂ ಹಕ್ಕಿನ ಕಾಗದವಿಲ್ಲ, ಕಾಗದವಿಲ್ಲದೆ ಬ್ಯಾಂಕಿನ ಸಾಲವಿಲ್ಲ. ಹಟ್ಟಿಗೆ ಒಂದು ಹೆಸರು ಇದ್ದೇ ಇರುತ್ತದೆ, ಮದುವೆ ಕಾಗದದಲ್ಲಿ ಅದನ್ನೇ ಅಚ್ಚು ಹಾಕಿಸುತ್ತಾರೆ. ಪಹಣಿಯಲ್ಲಿ ಮಾತ್ರ ಅದು ಪಕ್ಕದೂರಿನ ಸರ್ವೆ ನಂಬರು.

ಇದನ್ನು ಸರಿಪಡಿಸಲು ಭೂಸುಧಾರಣಾ ಕಾಯ್ದೆಗೆ 38-ಎ ಕಲಮು ಸೇರಿತು. ದಾಖಲೆರಹಿತ ಜನವಸತಿಯ ಮನೆ ಅದರಲ್ಲಿ ವಾಸಿಸುವವರ ಹಕ್ಕಿಗೆ ಬರುವಂತೆ ಮಾಡುವ ತಿದ್ದುಪಡಿ ಅದು. ಕಂದಾಯ ಗ್ರಾಮವೆಂದು ಘೋಷಿಸುವುದು ಅದರ ಜೊತೆಗಿನ ಕೆಲಸ: ಜನವಸತಿಯ ನೆಲ ಅಳೆದು, ಮೂಲ ಗ್ರಾಮದಿಂದ ಬಿಡಿಸಿ, ಪ್ರಾಥಮಿಕ ಅಧಿಸೂಚನೆ ಹೊರಡಿಸಿ, ಆಕ್ಷೇಪಣೆ ಕೇಳಿ, ಅಂತಿಮ ಅಧಿಸೂಚನೆ ರಾಜ್ಯಪತ್ರದಲ್ಲಿ ಬಂದ ಮೇಲೆ ಹೊಸ ಹೆಸರು ಹುಟ್ಟುತ್ತದೆ. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿ ಐವತ್ತು ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ಕೊಟ್ಟರು. 2025ರ ಮೇ 20ರಂದು ಹೊಸಪೇಟೆಯಲ್ಲಿ ರಾಜ್ಯ ಸರ್ಕಾರ 1,11,111 ಹಕ್ಕುಪತ್ರ ಕೊಟ್ಟಿತು. ಪಕ್ಷ ಯಾವುದೇ ಇರಲಿ, ಇದು ದೊಡ್ಡ ಕೆಲಸ. ಆದರೆ ಈ ಹಕ್ಕುಪತ್ರಗಳೆಲ್ಲ ಮನೆಯ ಅಡಿಪಾಯದವರೆಗೆ ಮಾತ್ರ ಬರುತ್ತವೆ. ಹಟ್ಟಿಯವರ ಬದುಕು ಮನೆಯೊಳಗಿರಲಿಲ್ಲ, ಹಟ್ಟಿಯ ಮುಂದಿನ ಬಯಲಿನಲ್ಲಿತ್ತು.

ಆ ಬಯಲೇ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆಚಾವಡಿ ಎನಿಸಿದ್ದ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಆಯಿತು. ದಂಡಿನ ಗಾಡಿ ಎಳೆಯುವ ದನಗಳಿಗೆ ಮೈಸೂರು ಸೀಮೆಯ ಉದ್ದಗಲಕ್ಕೂ ಹುಲ್ಲುಗಾವಲು ಮೀಸಲಾಯಿತು. ಖರ್ಚು ಹೆಚ್ಚೆಂದು ಬ್ರಿಟಿಷರು 1860ರಲ್ಲಿ ಈ ವ್ಯವಸ್ಥೆಯನ್ನೇ ಮುಚ್ಚಿ, ಒಳ್ಳೆಯ ಎತ್ತು ಸಿಗದೆ 1866ರಲ್ಲಿ ಮತ್ತೆ ತೆರೆದರು. ಈ ಕಾವಲುಗಳ ಗಡಿ ಬರೀ ಕಲ್ಲಿನದಲ್ಲ, ಕಾಲದ್ದು ಕೂಡ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಣೆ ಇತ್ತು. ಒಂದರಲ್ಲಿ ದನ ಮೇಯುವಾಗ ಇನ್ನೊಂದರಲ್ಲಿ ಹುಲ್ಲು ಬೆಳೆಯಬೇಕು. ಋತುವನ್ನೂ ಎಲ್ಲೆಯಾಗಿ ಹಿಡಿದ ಈ ಲೆಕ್ಕಾಚಾರ ನನಗೆ ನಮ್ಮ ಭೂದಾಖಲೆಗಳಲ್ಲೇ ಅತ್ಯಂತ ಜಾಣತನದ್ದಾಗಿ ಕಾಣುತ್ತದೆ. ಸರ್ಕಾರಿ ದನದ ಜೊತೆಗೆ ಸುತ್ತಲ ಹಳ್ಳಿ ಹಟ್ಟಿಗಳ ಕುರಿ, ಎತ್ತು, ದೇವರ ಹಿಂಡುಗಳು ಈ ಹುಲ್ಲಿನ ಮೇಲೇ ಬದುಕಿದವು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ಕಂಬಳಿ ನೇಯ್ಗೆ ಬೇರುಬಿಟ್ಟದ್ದಕ್ಕೆ ಈ ಬಯಲೇ ಕಾರಣ.

ಈಗ ಪಹಣಿಯ ಹಾಳೆಯನ್ನು ನೋಡಿ. ಮಣ್ಣಿನ ನಮೂನೆಗೆ ಕಾಲಂ ಇದೆ, ಮರಗಳಿಗಿದೆ, ನೀರಿನ ಮೂಲಕ್ಕಿದೆ. ಒಂಬತ್ತನೇ ಕಾಲಮಿನಲ್ಲಿ ಕಬ್ಜೆದಾರನ ಹೆಸರು, ಹನ್ನೊಂದರಲ್ಲಿ ಹಕ್ಕು ಮತ್ತು ಋಣ, ಹನ್ನೆರಡರಲ್ಲಿ ಸಾಗುವಳಿ ಮಾಡಿದವರು ಮತ್ತು ಬೆಳೆ. ದನ ಮೇಯಿಸುವವರಿಗೆ ಕಾಲಂ ಇಲ್ಲ. ಹುಲ್ಲು ಬೆಳೆಯಲ್ಲ, ಮೇಯಿಸುವುದು ಸಾಗುವಳಿಯಲ್ಲ. ಗೋಮಾಳಕ್ಕಾದರೂ ಒಂದು ಲೆಕ್ಕವಿದೆ: ಭೂಕಂದಾಯ ನಿಯಮ 97ರಂತೆ ನೂರು ದನಕ್ಕೆ ಮೂವತ್ತು ಎಕರೆ ಮೀಸಲಿಡಬೇಕು. ಕಾವಲಿನಲ್ಲಿ ಹಳ್ಳಿಯವರ ಪಾಲು ಎಂಬುದು ನೂರಾರು ವರ್ಷದ ರೂಢಿಯೇ ಹೊರತು ಕಾಲಮಿನೊಳಗಿನ ಬರಹವಲ್ಲ. ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಆ ಹಾಳೆ ಇಟ್ಟು ನೋಡಿದವರಿಗೆ ಕಾಣುವುದು ಸಾವಿರಾರು ಎಕರೆ, ಒಬ್ಬನೇ ಮಾಲೀಕ, ಸರ್ಕಾರ. ಖಾಲಿ ನೆಲ.

2007ರಿಂದ 2010ರ ನಡುವೆ ಈ ನೆಲ ಹಂಚಿಕೆಯಾಯಿತು. ರಕ್ಷಣಾ ಸಂಶೋಧನೆಗೆ ಸುಮಾರು 4,290 ಎಕರೆ, ಭಾಭಾ ಪರಮಾಣು ಸಂಶೋಧನಾ ಕೇಂದ್ರಕ್ಕೆ 1,810, ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573, ಖಾಸಗಿ ಸೌರ ವಿದ್ಯುತ್ ಕಂಪನಿಯೊಂದಕ್ಕೆ 1,250. ಒಟ್ಟು ಹತ್ತಿರ ಹತ್ತಿರ ಹತ್ತು ಸಾವಿರ ಎಕರೆ. ವರವು ಕಾವಲು, ಕುದಾಪುರ ಕಾವಲು, ಉಳ್ಳಾರ್ತಿ ಕಾವಲು. ಸುತ್ತಲ ಹಳ್ಳಿಗಳ ಹೆಚ್ಚಿನ ಜನಕ್ಕೆ ವಿಷಯ ತಿಳಿದದ್ದು ಬೇಲಿ ಎದ್ದಾಗ, ಗೋಡೆ ಎದ್ದಾಗ. ಪ್ರಕರಣ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಯಿತು. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪಿನ ಲಿಯೋ ಸಲ್ಡಾನ್ಹ ಅರ್ಜಿದಾರರು. ಪೀಠ ಸತ್ಯಶೋಧನೆಗೆ ಸಮಿತಿ ಕಳಿಸಿತು, 2014ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಯೋಜನೆಗಳು ನಿಲ್ಲಲಿಲ್ಲ. 2017ರ ಮೇ 28ರಂದು ಪರೀಕ್ಷಾ ವಲಯ ಉದ್ಘಾಟನೆಯಾಯಿತು.

ವಾದದ ನಡುವೆ ಎದ್ದ ಒಂದು ಪ್ರಶ್ನೆ ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ್ದು. ಕಾವಲು ಎಂದರೆ ಏನು? ಕಂದಾಯ ಜಮೀನೇ, ಅರಣ್ಯವೇ, ಪಶುಸಂಗೋಪನೆಯ ಸೊತ್ತೇ? ಅರಣ್ಯ ನಿಯಮಗಳಲ್ಲಿ ಅಮೃತ್ ಮಹಲ್ ಕಾವಲಿನ ಹೆಸರು ಜಿಲ್ಲಾ ಅರಣ್ಯದ ಸಾಲಿನಲ್ಲಿ ಬರುತ್ತದೆ, ಪಹಣಿಯಲ್ಲಿ ಅದು ಸರ್ಕಾರಿ ಜಮೀನು. ಒಂದೇ ನೆಲಕ್ಕೆ ಮೂರು ಇಲಾಖೆಯಲ್ಲಿ ಮೂರು ಹೆಸರು. ಅಲ್ಲಿ ಹುಟ್ಟಿ ಬೆಳೆದವರನ್ನು ಕೇಳಿದ್ದರೆ ನಾಲ್ಕನೆಯದೂ ಸಿಗುತ್ತಿತ್ತು.

ನಾನು ವಿಜ್ಞಾನದ ವಿರೋಧಿಯಲ್ಲ. ಕುದಾಪುರದ ಆವರಣದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರಿಗೆ ವಿಜ್ಞಾನ ಕಲಿಸುವ ತರಬೇತಿ ಕೇಂದ್ರ ನಡೆಯುತ್ತಿದೆ. ಅಲ್ಲಿಂದ ಹೊರಟ ಮೇಷ್ಟ್ರ ಪಾಠ ಯಾವುದೋ ಹಟ್ಟಿಯ ಮಗುವಿಗೂ ತಲುಪಿರುತ್ತದೆ. ಪುಷ್ಪಕ್ ಇಳಿದ ದಿನ ನನಗೂ ಎದೆಯುಬ್ಬಿತು. ನನ್ನ ನೋವು ಬೇರೆ. ಇಷ್ಟು ದೊಡ್ಡ ನಿರ್ಧಾರ ಆಗುವಾಗ ಆ ಹುಲ್ಲಿನ ಮೇಲೆ ಬದುಕಿದವರ ಹೆಸರು ಯಾವ ಕಾಗದದಲ್ಲೂ ಇಲ್ಲದ ಕಾರಣಕ್ಕೇ ಅವರನ್ನು ಕೇಳದೆ ಹೋಯಿತಲ್ಲ, ಅದು.

ಜನಗಣತಿ ಮತ್ತೆ ಬಂದಿದೆ. 2027ರ ಗಣತಿಗಾಗಿ ದೇಶದ ಎಲ್ಲ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ಕ್ಕೆ ಸ್ತಬ್ಧಗೊಳಿಸಲಾಗಿದೆ. ಅಷ್ಟರೊಳಗೆ ಕಂದಾಯ ಗ್ರಾಮವಾಗದ ಹಟ್ಟಿ ಈ ಗಣತಿಯಲ್ಲೂ ಇನ್ನೊಂದು ಊರಿನ ಲೆಕ್ಕಕ್ಕೇ ಸೇರುತ್ತದೆ. ಆದರೂ ಗಣತಿದಾರರು ಮನೆ ಬಾಗಿಲಿಗೆ ಬಂದಾಗ ಹಟ್ಟಿಯ ಹೆಸರನ್ನು ಬಾಯಿಬಿಟ್ಟು ಹೇಳಿ, ಬರೆಸಬೇಕು. ಗ್ರಾಮಸಭೆಯ ನಡಾವಳಿಯಲ್ಲಿ ಆ ಹೆಸರು ಬರುವಂತೆ ನೋಡಿಕೊಳ್ಳಬೇಕು. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ಕಾಣುತ್ತದೆ. ಒಂದು ಕಾಲಕ್ಕೆ ಶಾನುಭೋಗರ ಪೆಟ್ಟಿಗೆಯಲ್ಲಿದ್ದ ತಿಳಿವಳಿಕೆ ಇವತ್ತು ಕುರಿ ಕಾಯುವ ಹುಡುಗನ ಕೈಯಲ್ಲಿದೆ.

ಇನ್ನೂ ಒಂದಿದೆ. ಹಳೆಯ ಗ್ರಾಮ ನಕಾಶೆಗಳಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕಿಗೆರೆಯಲ್ಲಿ ತೋರಿಸಿದ್ದಾರೆ. ಹೊಲಕ್ಕೆ ದಾರಿ ಬಿಡದ ಜಗಳ ಬಂದಾಗ ರೈತರು ಮೊದಲು ಕೇಳುವ ಮಾತು, ‘ನಕಾಶೆ ದಾರಿ ಇದೆಯಾ?’ ಇದ್ದರೆ ಅದನ್ನು ಮುಚ್ಚುವಂತಿಲ್ಲ, ತಹಶೀಲ್ದಾರರು ಬಿಡಿಸಿಕೊಡಬೇಕು. ಕಾವಲಿನ ಅಂಚಿನ ಪ್ರತಿ ಹಳ್ಳಿಯೂ ತನ್ನ ನಕಾಶೆಯ ಪ್ರತಿಯನ್ನು ತೆಗೆಸಿ ಪಂಚಾಯಿತಿ ಕಟ್ಟೆಯ ಮೇಲೆ ಹರಡಬೇಕು. ಹಿರಿಯರನ್ನು ಕೂರಿಸಿಕೊಂಡು, ಕುರಿ ಹೋಗುತ್ತಿದ್ದ ದಾರಿ, ದೇವರ ಎತ್ತು ನೀರಿಗೆ ಇಳಿಯುತ್ತಿದ್ದ ಹಳ್ಳ, ಬೇಸಿಗೆಯ ಹುಲ್ಲಿನ ಜಾಗ ಯಾವುದೆಂದು ಕೇಳಿ ಚುಕ್ಕಿಗೆರೆಯ ಮೇಲೆ ಬೆರಳಿಡಿಸಬೇಕು. ಆ ನಕಾಶೆಗಳು ಗೋಡೆಗಿಂತ ಹಳೆಯವು. ಗೋಡೆ ಇನ್ನೂ ಅವುಗಳಲ್ಲಿ ಇಲ್ಲ.